ಡೈನಮೊ ತಿರುವಿದವನು

ಕಣದ ಕೊಟ್ಟಿಗೆಯಲ್ಲಿ ಆ ರಾತ್ರಿ ತೆರೆಯೆಂದರೆ
ಪಾದ್ರಿಯ ವಿಧವೆ ಕೊಟ್ಟ ಹಾಸಿಗೆ ಬಟ್ಟೆ,
ನಡುವೆ ಒಂದು ತೇಪೆ.
ಪೆಟ್ಟಿಗೆ ಹೊತ್ತು ವ್ಯಾತ್ಕಾ ನದಿ ದಾಟಿ ಬಂದ ಪ್ರೋಖೊರ್
ಹುಡುಗರ ತೋಳು ಹಿಚುಕಿ ನೋಡಿ, ಕುದುರೆ ಕೊಳ್ಳುವವನ ಹಾಗೆ,
ನನ್ನನ್ನು ಆರಿಸಿದ.
"ಡೈನಮೊ ನಿನ್ನದು. ಒಂದೇ ಹದ. ಹಿಂತಿರುಗಿ ನೋಡಬೇಡ.
ನೋಡಿದರೆ ಕೈ ಮರೆಯುತ್ತದೆ. ಕೈ ಮರೆತರೆ ದೀಪ ಸಾಯುತ್ತದೆ."

ಬೀಸುಕಲ್ಲು ಗೊತ್ತಿತ್ತು ನನಗೆ.
ಇದೂ ಬೀಸುವುದೇ; ಹಿಟ್ಟು ಮಾತ್ರ ಬೆನ್ನ ಹಿಂದೆ ಬೀಳುತ್ತದೆ.

ಹೋದ ಬೇಸಿಗೆ ನಮ್ಮ ಹೊಲದಲ್ಲೇ ತೆಗೆದ ಚಿತ್ರ.
ಮೂರು ಕಾಲಿನ ಯಂತ್ರ, ಚರ್ಮದ ಟೋಪಿಯವರು.
ರೈ ಪೈರಿನ ಅಂಚಿಗೆ ಅವ್ವನನ್ನು ನಿಲ್ಲಿಸಿ
"ಕುಡುಗೋಲು ಇಳಿಸು ಲುಕೇರ್ಯಾ,
ಟ್ರ್ಯಾಕ್ಟರ್ ಬರುತ್ತಿದೆ, ನೋಡು, ಬೆರಗಾಗು" ಅಂದಿದ್ದರು.
ಟ್ರ್ಯಾಕ್ಟರ್ ಇನ್ನೂ ಜಿಲ್ಲೆಗೇ ಬಂದಿರಲಿಲ್ಲ.
ಒಬ್ಬ ಕೆಂಪು ಕರವಸ್ತ್ರ ಬೀಸುತ್ತ ಉಳುಮೆಯ ಗೆರೆಗುಂಟ ಓಡಿದ,
ಅವಳು ಅದಕ್ಕೇ ಬೆರಗಾದಳು.
ಆರು ಸಲ.
ಕಂತೆ ಕಟ್ಟುತ್ತ ಪಕ್ಕದಲ್ಲಿದ್ದವನು ನಾನೊಬ್ಬನೇ.
ಕೂಲಿ: ಒಂದು ಪೊಟ್ಟಣ ಸಕ್ಕರೆ.

ಚಳಿಗಾಲದಲ್ಲಿ ಇಟ್ಟಿಗೆ ಹೊರಲು ಹೋದಳು,
ಊದುಕುಲುಮೆ ಕಟ್ಟುವಲ್ಲಿಗೆ.
ಮಾರ್ಚಿನಲ್ಲಿ ಕಾಗದ ಬಂತು,
ಟೈಫಸ್ ಎಂಬ ಪದದ ಕೆಳಗೆ ನೇರಳೆ ಮೊಹರು.
ಅದನ್ನು ಓದಿ ಹೇಳಿದ ಟೀಚರ್ ಕಪಿತೊಲೀನಳೇ ಈಗ
ತೆರೆಯ ಮೇಲಿನ ಅಕ್ಷರ ಓದುತ್ತಿದ್ದಾಳೆ, ಅದೇ ದನಿಯಲ್ಲಿ:
"ಹೊಸ ದಿನ ಬರುತ್ತಿದೆ!"

ತಿರುವಿದೆ. ಬೆವರು ಕಣ್ಣಿಗಿಳಿಯಿತು.
ನನ್ನೆದುರು ಮರದ ಗೋಡೆ, ಮೊಳೆಗೆ ತೂಗಿದ
ಕುದುರೆಯ ಕೊರಳಪಟ್ಟಿ,
ಅದರ ಹಿತ್ತಾಳೆಯಲ್ಲಿ ನಡುಗುವ ಬೆಳಕು.
ಆಗ ಊರು ಒಟ್ಟಿಗೆ ಉಸಿರೆಳೆದುಕೊಂಡಿತು.
"ಅಯ್ಯೋ, ನಮ್ಮ ಲುಷಾ!" ಅಂದಳು ಯಾರೋ ಮುದುಕಿ.

ಕುತ್ತಿಗೆ ಅರ್ಧ ತಿರುಗಿತು. ಕೈ ತಡವರಿಸಿತು.
ಹಿತ್ತಾಳೆ ಕಂದಿತು, ಬತ್ತಿ ತಗ್ಗಿಸಿದಂತೆ.

ಮುಖವನ್ನು ಮತ್ತೆ ಗೋಡೆಗೆ ಕೊಟ್ಟೆ.
ಜೋರಾಗಿ ತಿರುವಿದೆ, ಹದ ಮೀರಿ, ಪ್ರೋಖೊರ್ ಬೈಯುವಷ್ಟು,
ಅವ್ವನ ಒಂದು ಸುಕ್ಕೂ ಕತ್ತಲಲ್ಲಿ ಉಳಿಯದಂತೆ.

ಎಷ್ಟು ಹೊತ್ತು ಇದ್ದಳು ಅಂತ ಆಮೇಲೆ ಕೇಳಿದೆ.
ಇಪ್ಪತ್ತು ಎಣಿಸುವಷ್ಟು, ಅಂದ ಒಬ್ಬ. ಎಲ್ಲಿಯ ಇಪ್ಪತ್ತು, ಐದು.
ತೇಪೆ ಅವಳ ಕೆನ್ನೆಯ ಮೇಲೇ ಬಂತಪ್ಪ, ಅಂದಳು ಪಾದ್ರಿಯ ವಿಧವೆ,
ತಪ್ಪೊಪ್ಪಿಕೊಳ್ಳುವ ಹಾಗೆ.
ಕುಡುಗೋಲು ಇಳಿಸಿದ್ದಳಾ?
ಯಾರಿಗೂ ನೆನಪಿಲ್ಲ.
ಟ್ರ್ಯಾಕ್ಟರನ್ನು ನೋಡಿ ಎಷ್ಟು ಖುಷಿಪಟ್ಟಳು, ಅಂದರು ಎಲ್ಲರೂ.

ಎತ್ತಲಾಗದ ಬಲಗೈಯನ್ನು ಎಡಗೈಯಲ್ಲಿ ಹಿಡಿದು ನಿಂತಿದ್ದೆ.
ಕರವಸ್ತ್ರದ ಮಾತು ತೆಗೆಯಲಿಲ್ಲ.