ಸ್ಟಾಕ್ ಇಲ್ಲ

ಶ್ರೀರಾಮಪುರದಲ್ಲಿ, ಇಸ್ತ್ರಿ ಗಾಡಿಯ ಮಗ್ಗುಲಿಗೆ,
ಎರಡು ಮೆಟ್ಟಿಲು ಇಳಿದರೆ ನಮ್ಮ ಕ್ಲಿನಿಕ್ಕು.
ಮೊದಲು ಹತ್ತಬೇಕಿತ್ತು.
ಡಾಂಬರಿನ ಮೇಲೆ ಡಾಂಬರು ಸುರಿದೂ ಸುರಿದೂ
ರಸ್ತೆ ಮೇಲಾಯಿತು, ನಾವು ಕೆಳಗಾದೆವು.

ಇಪ್ಪತ್ತಾರು ವರ್ಷದಿಂದ ಇಲ್ಲಿ ಟೋಕನ್ ಕೊಡುವವಳು,
ಸೂಜಿ ಕುದಿಸಿದವಳು, ಆಮೇಲೆ ಸೂಜಿ ಎಸೆಯಲು ಕಲಿತವಳು,
ಲೂರ್ದಮ್ಮ ನಾನು.
ಡಾಕ್ಟ್ರು ಇಂದುಧರಯ್ಯ ಬಾಯಿ ಬಿಟ್ಟರೆ ಎರಡೇ ಮಾತು:
ಎಲ್ಲಿ ನೋವು. ಎಷ್ಟು ದಿನದಿಂದ.
ಇಂಥವರು ಇನ್ನು ಭಾಷಣ ಮಾಡುತ್ತಾರಂತೆ.

ಶುರುವಾದದ್ದು ಮೂರನೇ ಕ್ರಾಸಿನ ನಲ್ಲಿಯಿಂದ.
ದಿನ ಬಿಟ್ಟು ದಿನ, ರಾತ್ರಿ ಎರಡೂವರೆಗೆ ಬರುವ ಕಾವೇರಿ
ಮೊದಲ ನಾಲ್ಕು ಕೊಡ ಟೀ ಬಣ್ಣ;
ಐದನೆಯದಕ್ಕೆ ಬಣ್ಣ ಹೋಗಿ ವಾಸನೆ ಉಳಿಯುತ್ತೆ.
ಆ ಕ್ರಾಸಿನವರಿಗೆ ಡಾಕ್ಟ್ರು ಮುಖ ನೋಡದೆ ಚೀಟಿ ಬರೆಯಬಲ್ಲರು.
ಟೈಫಾಯಿಡ್, ಕಾಮಾಲೆ, ಭೇದಿ, ಮತ್ತೆ ಟೈಫಾಯಿಡ್.

ಮುನಿಯಮ್ಮನ ಮೊಮ್ಮಗಳು ತಂಗಮಣಿ
ಒಂದೇ ವರ್ಷದಲ್ಲಿ ಮೂರನೇ ಸಲ
ಅರಿಶಿನದ ಕಣ್ಣು ಹೊತ್ತು ಬಂದು ಸ್ಟೂಲಿನಲ್ಲಿ ಕೂತಾಗ
ಡಾಕ್ಟ್ರು ಬಹಳ ಹೊತ್ತು ಪೆನ್ನು ಹಿಡಿದೇ ಇದ್ದರು.
ಆಮೇಲೆ ಏನೋ ಬರೆದರು. ಅವರ ಅಕ್ಷರ
ಮೆಡಿಕಲ್ ಶಾಪಿನ ಗುಮಾನ್‌ಚಂದ್ ಬಿಟ್ಟರೆ ದೇವರಿಗೂ ತಿಳಿಯದು.
ಹುಡುಗಿಯ ಮಾವ ಚೀಟಿ ಒಯ್ದ, ಹಾಗೇ ವಾಪಸು ತಂದ.
ಹಿಂದುಗಡೆ ಗುಮಾನ್‌ಚಂದನ ದುಂಡು ಕನ್ನಡ:
“ಪೈಪು, ಆರಿಂಚು, ನೂರೆಂಬತ್ತು ಅಡಿ.
ಸ್ಟಾಕ್ ಇಲ್ಲ ಸಾರ್.”

ಡಾಕ್ಟ್ರು ನಕ್ಕರು. ನಗು ಕೆಮ್ಮಾಯಿತು.
ಅವತ್ತು ಎಂಟಕ್ಕೇ ಷಟರ್ ಎಳೆಸಿದರು.

ಹದಿನಾಲ್ಕು ಅರ್ಜಿ ಆಗಲೇ ಕೊಟ್ಟಾಗಿತ್ತು, ಟೈಪು ಮಾಡಿಸಿದ್ದು ನಾನೇ.
ವಾರ್ಡಿನ ಇಂಜಿನಿಯರು ಒಮ್ಮೆ ಬಂದು ಮಂಡಿ ತೋರಿಸಿಕೊಂಡು
“ಫೈಲು ಮೇಲೆ ಹೋಗಿದೆ” ಅಂದು
ಫೀಸು ಕೊಡದೆ ತಾನೂ ಮೇಲೆ ಹತ್ತಿ ಹೋಗಿದ್ದರು.

“ಲೂರ್ದಮ್ಮ, ಎಲೆಕ್ಷನ್‌ಗೆ ನಿಲ್ತೀನಿ.”
ನಾನು ಹತ್ತಿ ಉಂಡೆ ಮಾಡುತ್ತಿದ್ದೆ. ಮಾಡುತ್ತಲೇ ಇದ್ದೆ.
“ನಿಲ್ಲೋಕೆ ಆ ಕಾಲಿನ ನರ ಬಿಡಬೇಕಲ್ಲ” ಅಂದೆ.
ಸಿಟ್ಟು ನನಗೆ. ಬೆಂಚಿನ ತುಂಬ ಜ್ವರ ಕೂತಿರುವಾಗ
ಇವರು ಮನೆಮನೆಗೆ ಕೈ ಮುಗಿಯುತ್ತ ಹೋಗುವುದೆ?
ನಾಡಿ ಹಿಡಿದು ಗೊತ್ತೇ ಹೊರತು
ಆ ಕೈ ಯಾರಿಗೂ ಮುಗಿದದ್ದಿಲ್ಲ.

ನಿಮಗೇ ಓಟು ಸಾರ್ ಅನ್ನುತ್ತಾರೆ ಎಲ್ಲರೂ,
ನಾಳೆಯಿಂದ ಬೀಡಿ ಬಿಟ್ಟೆ ಅಂದ ಅದೇ ಬಾಯಲ್ಲಿ.

ಮಾಜಿ ಕಾರ್ಪೊರೇಟರ್ ಗಂಗಹನುಮಯ್ಯ ಈಗಲೂ ನಮ್ಮ ಪೇಷಂಟು.
ಮೊನ್ನೆ ಕತ್ತಲಾದ ಮೇಲೆ ಬಂದರು. ಬೀಪಿ ನೂರೆಂಬತ್ತು.
ತೋಳಿನ ಪಟ್ಟಿ ಬಿಚ್ಚುತ್ತ ಡಾಕ್ಟ್ರು ಕೇಳಿದರು:
“ಏನಾದರೂ ಟೆನ್ಷನ್ ಇದೆಯಾ?”
“ನೀವೇ ಸಾರ್.”
ಮಾತ್ರೆ ಬದಲಾಯಿಸಿ, ಉಪ್ಪು ಕಡಿಮೆ ಮಾಡಿ ಅಂದು,
ಮೆಟ್ಟಿಲ ತನಕ ಟಾರ್ಚು ಹಿಡಿದರು.

ಈ ವಾರ್ಡಿನ ಗುಟ್ಟೆಲ್ಲ ನಮ್ಮ ಕಬ್ಬಿಣದ ಬೀರುವಿನಲ್ಲಿದೆ:
ಯಾರ ಸಕ್ಕರೆ ಎಷ್ಟು, ಯಾರು ಯಾವ ಊರಿಗೆ ಹೋಗಿ
ಏನು ತೆಗೆಸಿಕೊಂಡು ಬಂದರು.
ಒಂದು ಹಾಳೆ ಹೊರಬಿದ್ದರೆ ಗೆದ್ದಂತೆ.
ಕೀಲಿ ನನ್ನ ಕೊರಳಲ್ಲಿ, ಶಿಲುಬೆಯ ಪಕ್ಕ.
ಕೇಳಿದ್ದರೆ ಕೊಡುತ್ತಿದ್ದೆನೋ ಏನೋ.
ಅವರು ಕೇಳಲಿಲ್ಲ.

ನಾಮಪತ್ರದ ಅಕ್ಷರ ಅಧಿಕಾರಿಗೆ ತಿಳಿಯದೆ
ನಾನೇ ಕೂತು ಮತ್ತೆ ತುಂಬಿದೆ.
ಸ್ವಂತ ವಾಹನ: ಸ್ಕೂಟರು, ಒಂದು.
ಕ್ರಿಮಿನಲ್ ಮೊಕದ್ದಮೆ: ಇಲ್ಲ.
ಬರಬೇಕಾದ ಬಾಕಿ: ಎಂಬಲ್ಲಿ ಪೆನ್ನು ನಿಂತಿತು,
ಆ ಲೆಕ್ಕ ನಾವು ಇಟ್ಟಿರಲಿಲ್ಲ.

ಟೋಕನ್ ಕೊಟ್ಟರು, ಹತ್ತೊಂಬತ್ತು.
ಕೈಯಲ್ಲಿ ಚೀಟಿ ಹಿಡಿದು, ಬೆಂಚಿನ ತುದಿಯಲ್ಲಿ,
ಕರೆಯುವುದನ್ನೇ ಕಾಯುತ್ತ ಕೂತ ಡಾಕ್ಟ್ರನ್ನು
ಅವತ್ತೇ ಮೊದಲು ನೋಡಿದ್ದು.
ಪಕ್ಕದಲ್ಲಿ ಇನ್ಯಾವುದೋ ವಾರ್ಡಿನವನು,
ಬಿಳಿ ಷರ್ಟು, ಹೊಸ ಶಾಲು,
ಕೆಮ್ಮಿದ. ಮತ್ತೆ ಕೆಮ್ಮಿದ.
ನಾನು ಕಣ್ಣು ಬಿಟ್ಟು ಹೆದರಿಸಿದೆ, ಬೇಡ, ಇವತ್ತು ಬೇಡ.

“ಎಷ್ಟು ದಿನದಿಂದ?” ಅಂದರು ಡಾಕ್ಟ್ರು.