ರುಜು ನೋಡುವ ಕೆಲಸ

ಯಾಕಿಮಾ ಊರಿನ ಕಚೇರಿಯ ನೆಲಮಾಳಿಗೆಯಲ್ಲಿ
ನವೆಂಬರಿನ ಮೂರು ವಾರ ನನ್ನದು ರುಜು ನೋಡುವ ಕೆಲಸ.
ಅಂಚೆಯಲ್ಲಿ ಬಂದ ಓಟಿನ ಲಕೋಟೆ, ಅದರ ಬೆನ್ನಿನ ಸಹಿ
ಪರದೆಯ ಬಲಕ್ಕೆ; ಎಡಕ್ಕೆ, ಎಂದೋ ಯಾವುದೋ ಅರ್ಜಿಗೆ
ಅದೇ ಕೈ ಹಾಕಿದ ಹಳೆಯದು.
ಅದೇ ಕೈಯೋ? ಹೌದಾದರೆ ಹಸಿರು ಗುಂಡಿ.
ಅಲ್ಲವಾದರೆ ಇನ್ನೊಂದು.

ಕಲಿಸಿದವಳು ವರ್ನಾ ಸುಂಡ್‌ಕ್ವಿಸ್ಟ್,
ಮೂವತ್ತೊಂದು ವರ್ಷ ಮೂರನೇ ಕ್ಲಾಸಿನ ಟೀಚರು.
"ಅಕ್ಷರ ನೋಡಬೇಡ," ಅಂದಳು ಮೊದಲ ದಿನ,
"ಓಟ ನೋಡು. ಪೆನ್ನು ಎಲ್ಲಿ ಎದ್ದಿತು, ಎಲ್ಲಿ ಉಸಿರು ತಗೊಂಡಿತು.
ಕಳ್ಳ ರುಜು ಚಂದ ಇರುತ್ತೆ, ನಿಧಾನ ಇರುತ್ತೆ.
ತನ್ನ ಹೆಸರನ್ನ ಯಾರೂ ಚಿತ್ರದ ಹಾಗೆ ಬಿಡಿಸುವುದಿಲ್ಲ."

ರುಜು. ಋಜು ಅಂದರೆ ನೇರ, ಸೊಟ್ಟವಲ್ಲದ್ದು.
ಎರಡಕ್ಕೂ ನಂಟಿದೆಯೋ ಇಲ್ಲವೋ ನಾ ಕಾಣೆ;
ಊರವರೆಲ್ಲ ತಾವು ತಾವೇ ಅಂತ ಸಾಬೀತು ಮಾಡುವುದು ಮಾತ್ರ
ತಮ್ಮ ಜೀವಮಾನದ ಅತಿ ಸೊಟ್ಟ ಗೆರೆಯಿಂದ.

ಊಟದ ಹೊತ್ತಿಗೆ, ಸೇಬನ್ನು ನನ್ನ ಕೈಲಿ ಹೆಚ್ಚಿಸುತ್ತ, ಹೇಳುತ್ತಿದ್ದಳು:
ಹೆಬ್ಬಾತಿನ ಗರಿಯ ಕಾಲ. ಎತ್ತಿದರೆ ತೊಟ್ಟಿಕ್ಕುತ್ತಿತ್ತು ಶಾಯಿ,
ಮತ್ತೆ ಊರಿದರೆ ಚಿಮ್ಮುತ್ತಿತ್ತು.
ಹಡಗಿನ ಸರಕು ಬರೆಯುವ ಗುಮಾಸ್ತರಿಗೆ ಪುರುಸೊತ್ತೆಲ್ಲಿ?
ಎತ್ತದೆ ಎಳೆದರು. ಒಂದರ ಕೈ ಹಿಡಿದು ಇನ್ನೊಂದು,
ರಸ್ತೆ ದಾಟುವ ನನ್ನ ಕ್ಲಾಸಿನ ಮಕ್ಕಳ ಹಾಗೆ.

ನಮ್ಮಲ್ಲೂ ಗರಿಯೇ, ಅಂದೆ. ನಿಮ್ಮ ಗರಿ ಬರೆಯಿತು,
ನಮ್ಮದು ಬರೆಸಿಕೊಂಡಿತು.
ಓಲೆಯ ಮೇಲೆ ಉಕ್ಕಿನ ಮೊನೆ ನೇರ ಎಳೆದರೆ ಸೀಳುತ್ತಿತ್ತಂತೆ,
ಅದಕ್ಕೇ ದುಂಡಗಾದೆವು ಅನ್ನುತ್ತಾರೆ.
ಕೈ ಒರೆಸುವ ಕಾಗದದ ಮೇಲೆ ನನ್ನ ಹೆಸರು ಬರೆದೆ: ಜ್ಯೋತ್ಸ್ನಾ.
ತಿರುಗಿಸಿ ಮುರುಗಿಸಿ ನೋಡಿದಳು.
"ಇವು ಕೈ ಹಿಡಿದಿಲ್ಲ. ಒಂದರ ಹೆಗಲ ಮೇಲೊಂದು ಹತ್ತಿ ನಿಂತಿವೆ."

ಕೆಲವೊಮ್ಮೆ ನನ್ನ ಕುರ್ಚಿಯ ಹಿಂದೆ ನಿಂತುಬಿಡುತ್ತಿದ್ದಳು:
"ಈ ಜಿಯ ಹೊಟ್ಟೆ ನಾನು ಕಲಿಸಿದ್ದು. ಇವನು ಡ್ವೇನ್,
ಎಡಗೈಯವನು, ಮೊಣಕೈವರೆಗೆ ಶಾಯಿ."
ಪ್ಲಂಬರು, ಬ್ಯಾಂಕಿನವಳು, ಜೈಲಿಂದ ಬಂದವನು,
ಎಷ್ಟೋ ಹೆಸರುಗಳ ಹಿಂದೆ ಒಂದೇ ಕರಿಹಲಗೆ.
ಹತ್ತೊಂಬತ್ತು ಇಪ್ಪತ್ತರವರದ್ದು ಬಂದರೆ ಸುಮ್ಮನಾಗುತ್ತಿದ್ದಳು.
ಬಿಡಿಬಿಡಿ ಅಚ್ಚಕ್ಷರ, ಬಸ್ಸಿಗೆ ಕಾಯುವ ಅಪರಿಚಿತರ ಹಾಗೆ,
ಪ್ರತಿ ಸಲವೂ ಬೇರೆ.
ಆ ಪಿರಿಯಡ್ಡು ತೆಗೆದು ಟೈಪಿಂಗ್ ಹಾಕಿದ್ದರು.

ಎರಡನೇ ಗುರುವಾರ, ಮಂಜು ಇಳಿದ ಮಧ್ಯಾಹ್ನ,
ಎಡಕ್ಕೆ, ಕಾಪಿಪುಸ್ತಕದಿಂದ ಎದ್ದು ಬಂದಂಥ ವಿ.
ಬಲಕ್ಕೆ, ಕಾಗೆಕಾಲು ಗುಬ್ಬಿಕಾಲು.
ನಡುವೆ ಮೂರು ಕಡೆ ಪೆನ್ನು ಎದ್ದಿತ್ತು,
ಮತ್ತೆ ಊರಿದಲ್ಲೆಲ್ಲ ನಡುಕ.
ಹೆಸರು ಓದಿದೆ. ಹಿಂದೆ ತಿರುಗಲಿಲ್ಲ.
ಹೇಳಿಕೊಟ್ಟ ಹಾಗೆ ಓಟ ನೋಡಿದೆ.
ಓಟ ಇರಲಿಲ್ಲ.
ಇನ್ನೊಂದು ಗುಂಡಿ ಒತ್ತಿದೆ.

ನಿಯಮದಂತೆ ಅವಳಿಗೂ ಕಾಗದ ಹೋಯಿತು:
ನಿಮ್ಮ ಸಹಿ ತಾಳೆಯಾಗುತ್ತಿಲ್ಲ.

ಸೋಮವಾರ ಮೇಲಿನ ಕೌಂಟರಿಗೆ ಬಂದಳು, ಕೋಟು ಬಿಚ್ಚದೆ,
ಎಲ್ಲರ ಹಾಗೆ ಸಾಲಿನಲ್ಲಿ ನಿಂತು. ಆ ದಿನ ಅಲ್ಲಿ ನಾನೇ.
ಯಾರು ಒತ್ತಿದ್ದು ಅಂತ ಕೇಳಲಿಲ್ಲ.
ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು,
ಯಾವುದೋ ಮಗುವಿಗೆ ತಿದ್ದಿಸುವ ಹಾಗೆ,
ಮನೆತನದ ಹೆಸರನ್ನು ಎತ್ತದೆ ಬರೆದಳು,
ಏರಿನಲ್ಲಿ ಹಗುರ, ಇಳಿತದಲ್ಲಿ ಒತ್ತಿ, ಕೊನೆಯ ಟಿ ತನಕ.
ಆಮೇಲಷ್ಟೇ ಅಡ್ಡಗೀಟು. ಆಮೇಲೆ ಹಿಂದಕ್ಕೆ ಹೋಗಿ ಐಗೆ ಚುಕ್ಕಿ.
ಚುಕ್ಕಿ ದಾರಿ ತಪ್ಪಿ ಎಸ್ಸಿನ ತಲೆ ಮೇಲೆ ಬಿತ್ತು.

"ನೋಡಿದೆಯಾ?" ಅಂದಳು.
ನೋಡಿದೆ, ಅಂದೆ.
"ಮುಂದಿನ ಸಲ ಅದನ್ನ ಅಲ್ಲೇ ಹುಡುಕು."