ನೂಲು ಹಿಡಿದರೆ

ಅಂಗಡಿಯಿಂದ ಆ ಮನೆಗೆ ಆರುನೂರ ನಲವತ್ತು ಮೀಟರು
ಎನ್ನುತ್ತದೆ ಫೋನು.
ನಿಜ. ನೂಲು ಹಿಡಿದರೆ ಅಷ್ಟೇ.
ನಡುವೆ ಒಂದು ಗುಡ್ಡ ಇದೆ, ಅದನ್ನು ಯಾರೂ ಕೇಳಿಲ್ಲ.

ಬುಸಾನಿನ ಗುಡ್ಡಗಳಲ್ಲಿ ಮೆಟ್ಟಿಲೇ ಬೀದಿ.
ಸ್ಕೂಟರು ಮೆಟ್ಟಿಲು ಹತ್ತದು.
ಗುಮ್ರಾನ್ ಬಂದರಿನ ಕಡೆಯಿಂದ ಸುತ್ತಿ, ಸುರಂಗ ಹೊಕ್ಕು,
ಮೀನುಪೇಟೆಯ ಹಿಂದೆ ಮತ್ತೆ ಏರಿ
ಮೂರು ಕಿಲೋಮೀಟರು ಚಿಲ್ಲರೆ ಓಡಿ
ಆರುನೂರ ನಲವತ್ತರ ಕೂಲಿ ಎಣಿಸುತ್ತಾಳೆ.
ಸಾರು ತಣ್ಣಗಾಗಿತ್ತೆಂದು ಯಾರೋ ಒಂದೇ ನಕ್ಷತ್ರ ಕೊಡುತ್ತಾರೆ.

ಒಲ್ಲೆ ಅಂದರೆ? ಅನ್ನಬಹುದು. ಬಲವಂತವೇನಿಲ್ಲ.
ಮೂರು ಸಲ ಒಲ್ಲೆ ಅಂದ ಸಂಜೆ
ಫೋನು ಠೂ ಬಿಡುತ್ತದೆ
ಊಟದ ಹೊತ್ತು ಪೂರ್ತಿ, ಊರೆಲ್ಲ ಹಸಿದಿರುವಾಗ.

ಹದಿನಾರಕ್ಕೇ ಅವಳು ಬೂಟಿನ ಕಾರ್ಖಾನೆಯಲ್ಲಿ
ಹೊಲಿಗೆಗೆ ಕೂತವಳು.
ಗಡಿಯಾರ ಹಿಡಿದ ಮೇಸ್ತ್ರಿ ಬೆನ್ನಿಗೇ ನಿಲ್ಲುತ್ತಿದ್ದ.
"ಕೆಟ್ಟವನೇ, ಬಿಡು," ಅನ್ನುತ್ತಾಳೆ ಹೆಲ್ಮೆಟ್ ಕಳಚುತ್ತ,
"ಆದರೆ ಆಕಳಿಸುತ್ತಿದ್ದ.
ಮಗು ಹುಟ್ಟಿದ ದಿನ ಎಣಿಸುವುದನ್ನೇ ಮರೆತ.
ಅವನ ಸಿಗರೇಟಿನ ವಾಸನೆ ಮೊದಲೇ ಸುದ್ದಿ ಕೊಡುತ್ತಿತ್ತು,
ನಾವು ಹರಟೆ ನಿಲ್ಲಿಸುತ್ತಿದ್ದೆವು.
ಇದಕ್ಕೆ ವಾಸನೆಯೇ ಇಲ್ಲ."

ವಿಚಾರಣೆಯ ದಿನ ಅವಳು ವಕೀಲರನ್ನು ತರಲಿಲ್ಲ.
ನಗರದ ನಕ್ಷೆಯನ್ನು ಮೇಜಿಗೆ ಹಾಸಿದಳು.
ಚೀಲದಿಂದ ಕೆಂಪು ನೂಲಿನ ಉಂಡೆ,
ಬೂಟು ಹೊಲಿಯುವ ದಪ್ಪ ನೂಲು.
ತಿರುವು ತಿರುವಿಗೂ ಉಗುರಿನಲ್ಲಿ ಒತ್ತಿ ಒತ್ತಿ
ಬಂದರು, ಸುರಂಗ, ಮೀನುಪೇಟೆ...
ಮನೆ ಬಾಗಿಲಿಗೆ ಬಂದಾಗ ಹಲ್ಲಿನಿಂದ ಕಡಿದಳು.
ಆಮೇಲೆ ಅದನ್ನೇ ನೇರ ಎಳೆದಳು:
ಅಂಗಡಿಯಿಂದ ಹೊರಟದ್ದು ಆ ಮನೆ ದಾಟಿ
ಗುಡ್ಡ ದಾಟಿ, ನಕ್ಷೆ ದಾಟಿ, ಮೇಜು ದಾಟಿ
ಕಂಪನಿ ವಕೀಲನ ತೊಡೆಯ ಮೇಲೆ ಬಿತ್ತು.

ಅವನು ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟ,
ಅನ್ನದಲ್ಲಿ ಸಿಕ್ಕ ಕೂದಲಿನ ಹಾಗೆ.
ದೂರ ಅಳೆಯುವ ಬಗೆ ವ್ಯಾಪಾರದ ಗುಟ್ಟು, ಎಂದ.
ಅಧಿಕಾರಿ ಕನ್ನಡಕ ತೆಗೆದರು, ಒರೆಸಿದರು,
ನೂಲನ್ನು ಕಡತಕ್ಕೆ ಸೇರಿಸಲು ನಿಯಮ ಇದೆಯೇ ಎಂದು
ಗುಮಾಸ್ತನನ್ನು ಕೇಳಿದರು.
ಅವನಿಗೂ ಗೊತ್ತಿರಲಿಲ್ಲ.

ಮುಂದಿನ ತಾರೀಖು ಏಪ್ರಿಲಿಗೆ.
ಹೊರಗೆ ಉಪ್ಪುಗಾಳಿ.
ಉಳಿದ ಉಂಡೆಯನ್ನು ನನ್ನ ಕೈಗಿಟ್ಟು
"ನಿನ್ನ ದಾರಿಯನ್ನೂ ಅಳೆದಿಡು," ಅಂದಳು.
ಅಷ್ಟರಲ್ಲಿ ಅವಳ ಫೋನು.
ನಾನೂರು ಮೀಟರು. ಗುಡ್ಡದಾಚೆ.
ಹೂಂ ಅನ್ನಲು ನಲವತ್ತು ಸೆಕೆಂಡು.

ಗುಡ್ಡವನ್ನೇ ನೋಡುತ್ತ ನಿಂತೆವು ಇಬ್ಬರೂ.
ಮೆಟ್ಟಿಲ ಮೇಲೆ ಯಾರೋ ಹಾಸಿಗೆ ಒಣಹಾಕಿದ್ದರು.